ಬಾವಿ ನೀರಿನ ಗಾಡಿ

"ಮೀನಿನ ಗಾಡಿ ಐದು ಮಳೆಗಾಲ ದಾಟೂದಿಲ್ಲ ಮಾರಾಯ" ಎಂದವರು ಮಂಕಿ ಊರಿನ ನಮ್ಮ ನೆರೆಮನೆಯ ಸುಬ್ರಾಯಣ್ಣ. ಅಪ್ಪ ಡೀಸೆಲ್ ಪಿಕಪ್ ತಂದ ದಿನದ ಮಾತು. ಹಾಗೆಯೇ ನನ್ನ ಕಡೆ ತಿರುಗಿ, "ನಿನ್ನ ಕಾಲೇಜೂ ಅಷ್ಟೇಯ ತಂಗಿ, ಮುಗಿಯೂದಿಲ್ಲ" ಎಂದು ಸೇರಿಸಿದ್ದರು.

ಇವತ್ತು ಹೊನ್ನಾವರದ ಸಾರಿಗೆ ಕಚೇರಿಯ ಅಂಗಳದಲ್ಲಿ ಡೀಸೆಲ್ ವಾಸನೆಯೂ, ಎಷ್ಟು ತೊಳೆದರೂ ಬಿಡದ ಬಂಗಡೆ ಮೀನಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ಆ ಮಾತು ನೆನಪಾಯಿತು. ಗಾಡಿಗೆ ಹದಿನೈದು ವರ್ಷ ಕಳೆದಿದೆ. ಫಿಟ್‌ನೆಸ್ ಸರ್ಟಿಫಿಕೇಟ್ ಸಿಕ್ಕರೆ ನಾಳೆಯೂ ಭಟ್ಕಳ ಬಂದರಿನಿಂದ ಕುಮಟೆಗೆ ಮೀನು ಹೋಗುತ್ತದೆ. ಸಿಗದಿದ್ದರೆ ಗಾಡಿ ಗುಜರಿಗೆ, ಅಪ್ಪ ಮನೆ ಜಗಲಿಗೆ. ಇನ್‌ಸ್ಪೆಕ್ಟರು ಸುತ್ತಿಗೆ ಹಿಡಿದು ಗಾಡಿಯಡಿ ಬಗ್ಗಿದ್ದರು. ಅಪ್ಪನಿಗೆ ಧೈರ್ಯ ತುಂಬಲೆಂದು ಬಂದವಳು ನಾನು, ನಮ್ಮ ಮನೆತನದ ಮೊದಲ ಪದವೀಧರೆ; ಅಪ್ಪನಿಗಿಂತ ಹೆಚ್ಚು ಬೆವರುತ್ತಿದ್ದೆ.

ಎಂಜಿನ್ನಿನ ಹೆದರಿಕೆ ನಮಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಅದು ಕೋಣದ ಹಾಗೆ ದುಡಿಯುತ್ತದೆ. ಮೀನಿನ ಗಾಡಿ ಸಾಯುವುದು ಕೆಳಗಿನಿಂದ. ಐಸು ಕರಗಿ, ಉಪ್ಪುನೀರು ಸೋರಿ ಸೋರಿ ಅಡಿಯ ಚಾಸಿಯ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಡ್ರೈವರುಗಳು ಮೀನು ಇಳಿಸಿ ಬರುವಾಗ ಶರಾವತಿಯ ದಡದಲ್ಲಿ ಗಾಡಿ ತೊಳೆಯುತ್ತಿದ್ದರು. ಹೊಳೆ ನೀರು ಸಿಹಿ ಎಂಬ ನಂಬಿಕೆ. ಬೇಸಿಗೆಯಲ್ಲಿ ಸಮುದ್ರ ಹೊಳೆಯೊಳಗೆ ಹತ್ತಿ ಬರುವುದು ಅಡುಗೆ ಮಾಡುವವರಿಗೆ ಗೊತ್ತು, ಗಾಡಿ ಓಡಿಸುವವರಿಗೆ ಅಲ್ಲ. ತಾವೂ ಮೀನಿನ ಗಾಡಿ ಓಡಿಸುತ್ತಿದ್ದ ಸುಬ್ರಾಯಣ್ಣ ಹೀಗೆ ಉಪ್ಪನ್ನು ಉಪ್ಪಿನಲ್ಲೇ ತೊಳೆದು ಎರಡು ಗಾಡಿ ಕಳೆದುಕೊಂಡರು.

ನಮ್ಮ ಗಾಡಿ ಹೊಳೆಗಿಳಿಯದಂತೆ ತಡೆದವಳು ಅಮ್ಮ. "ಆ ನೀರಲ್ಲಿ ಅನ್ನ ಮಾಡಿದ್ರೆ ಉಪ್ಪೇ ಬೇಡ. ಗಾಡಿ ಮನೆಗೇ ತನ್ನಿ" ಎಂದಳು.

ಅಂದಿನಿಂದ ಬಾವಿ ನೀರು. ಮೇ ತಿಂಗಳಲ್ಲಿ ಬಾವಿಯ ತಳ ಕಂಡರೂ ಮೊದಲು ಗಾಡಿಯ ಸ್ನಾನ, ಆಮೇಲೆ ನಮ್ಮದು. ಸೇದುವವಳು ನಾನು. ಕೊಡಪಾನ ಕೆಳಗಿಳಿಯುವಾಗ ಪರೀಕ್ಷೆಯ ಒಂದು ಪ್ರಶ್ನೆ, ಮೇಲೇರುವಾಗ ಅದರ ಉತ್ತರ. ಕಾಲೇಜಿಗೂ ಅದೇ ಗಾಡಿಯಲ್ಲಿ ಹೋಗುತ್ತಿದ್ದೆ. ಮಲ್ಲಿಗೆ ಮುಡಿದು ಇಳಿದರೂ ಗೆಳತಿಯರು "ಬಂಗಡೆ ಬಂತು" ಎನ್ನುತ್ತಿದ್ದರು.

ಠಣ್. ಠಣ್. ಸುತ್ತಿಗೆ ಹಿಂದಿನ ಗಾಲಿಯ ಹತ್ತಿರ ನಿಂತಿತು. ಮತ್ತೆ ಅಲ್ಲೇ ಬಡಿಯಿತು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡ.

"ಮೀನಿನ ಗಾಡಿ ಅಂದ್ರಲ್ಲ?" ಇನ್‌ಸ್ಪೆಕ್ಟರು ಎದ್ದು ನಿಂತು ಕೇಳಿದರು.

"ಹೌದು ಸಾಹೇಬ್ರೆ."

"ಅಡಿ ನೋಡಿದ್ರೆ ಹಾಗೆ ಕಾಣೂದಿಲ್ಲ."

ಅಷ್ಟೇ. ಸರ್ಟಿಫಿಕೇಟ್ ಕೈಗೆ ಬಂದಾಗ ಅಪ್ಪ ಅದನ್ನು ಮುಟ್ಟಲಿಲ್ಲ. "ನಂಗೆಂತಕ್ಕೆ? ನಿನ್ನ ಅಮ್ಮಂಗೆ ಕೊಡು" ಎಂದ. ದಾರಿಯುದ್ದಕ್ಕೂ ಅದು ನನ್ನ ಮಡಿಲಲ್ಲಿತ್ತು. ನನ್ನ ಡಿಗ್ರಿಯ ಕಾಗದವನ್ನೂ ಇದೇ ಸೀಟಿನಲ್ಲಿ ಹೀಗೆಯೇ ತಂದಿದ್ದೆ. ಅಂದು ಅದು ನನ್ನೊಬ್ಬಳದೇ ಅನಿಸಿತ್ತು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಸರ್ಟಿಫಿಕೇಟ್ ತೆಗೆದುಕೊಂಡಳು. ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಆತು. ಇನ್ನೆಂತಕ್ಕೆ ನಿಂತಿದ್ದೆ ಮಗಳೆ, ಕೊಡಪಾನ ತಕಾ. ಗಾಡಿ ಮಿಂದ ಮೇಲೆ ಊಟ."