ದನಿಯ ಕಡೆಗೆ ಎಳೆದ ಗೆರೆ

ಫುಟ್‌ಬಾಲ್ ಆಡಿದವರು ಬರೆಯಬೇಕಾದ ಬರಹವಿದು. ಬೆಳಗಾವಿಯಲ್ಲಿ ಅಂಥವರಿಗೆ ಬರವಿಲ್ಲ. ಕ್ಯಾಂಪ್ ಪ್ರದೇಶದ ಯಾವ ಚಹಾದಂಗಡಿಯಲ್ಲಿ ಕುಳಿತರೂ ಹಳೆಯ ಪಂದ್ಯವೊಂದನ್ನು ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಹೇಳಬಲ್ಲವರು ಸಿಗುತ್ತಾರೆ. ಅವರೆಲ್ಲ ಇರುವಾಗ ಆಟದ ಒಳಹೊರಗು ಅರಿಯದ ಕೈಯೊಂದು ಇದಕ್ಕೆ ಧೈರ್ಯ ಮಾಡಿದ್ದನ್ನು ಓದುಗರು ಕ್ಷಮಿಸಬೇಕು. ತಪ್ಪು ಕಂಡರೆ ಅದು ಕೇಳಿಸಿಕೊಂಡವರದು, ಹೇಳಿದ, ಮೈದಾನಕ್ಕೆ ಗೆರೆ ಎಳೆಯುವ ಸಿದರಾಯ ಅವರದಲ್ಲ.

ಶನಿವಾರದ ನಸುಕು. ಮೈದಾನದ ಮೇಲೆ ಹಿಂಜಿದ ಹತ್ತಿಯ ಹಾಗೆ ಮಂಜು ಬಿದ್ದಿದೆ. ಈ ಕಡೆಯ ಗೋಲುಕಂಬ ಇದೆ. ಆ ಕಡೆಯದು ಇದ್ದರೂ ಇರಬಹುದು. ಸಿದರಾಯ ಸುಣ್ಣದ ಗಾಡಿಯ ಹಿಡಿಕೆಗೆ ಎರಡೂ ಕೈ ಕೊಟ್ಟು, ತಲೆ ಒಂದಿಷ್ಟು ಓರೆ ಮಾಡಿ ನಿಂತಿದ್ದಾರೆ. ಕಾಯುತ್ತಿದ್ದಾರೆ.

"ಹೋ... ಬಾ!" ಮಂಜಿನ ಆಚೆಯಿಂದ ಒಂದು ದನಿ ಬರುತ್ತದೆ.

ಸಿದರಾಯ ಗಾಡಿ ದೂಡುತ್ತಾರೆ. ಚಕ್ರ ಕಿರ್ ಎನ್ನುತ್ತದೆ, ತಳದ ಸೀಳಿನಿಂದ ಸುಣ್ಣ ಇಳಿಯುತ್ತದೆ. ಪಾದದ ಬುಡದಲ್ಲಿ ಬಿಳಿ ಬೀಳುವುದು ಅವರಿಗೆ ಕಾಣುತ್ತದೆ. ಅದು ಎತ್ತ ಹೋಗುತ್ತಿದೆ ಎಂಬುದು ಕಾಣುವುದಿಲ್ಲ. "ಬಾ... ಬಾ... ಎಡಕ್ಕ ಸರದಿ ನೋಡ ಲೇ ಸಿದ್ಯಾ... ಹಾಂ, ಬಾ..." ದನಿ ಕರೆದಂತೆಲ್ಲ ಅವರು ನಡೆಯುತ್ತಾರೆ. ನಿದ್ದೆಯಲ್ಲಿ ನಡೆಯುವವರ ಹಾಗೆ, ಎಲ್ಲೂ ಎಡವದೆ. ಕಡೆಗೆ ದನಿ ಹತ್ತಿರವಾಗಿ, "ಆತ್!" ಎಂದು ಕೂಗುತ್ತದೆ. ಗಾಡಿ ನಿಲ್ಲುತ್ತದೆ. ಮಂಜಿನಿಂದ ಮಫ್ಲರ್ ಸುತ್ತಿದ ಮುಖವೊಂದು ಹೊರಬಂದು ನಗುತ್ತದೆ. ಮುಂದಿನ ಎರಡು ಹಲ್ಲಿಲ್ಲ.

ಅವರು ಖಾನಾಪುರದ ಮಾಯಪ್ಪ. ನಲವತ್ತು ವರ್ಷಗಳ ಹಿಂದೆ ಈ ಇಬ್ಬರೂ ಇದೇ ಮೈದಾನದಲ್ಲಿ ಒಂದೇ ತಂಡದ ರಕ್ಷಣಾ ಸಾಲಿನಲ್ಲಿ ಆಡಿದವರು.

ಮಚ್ಛೆಯ ಎರಕದ ಕಾರ್ಖಾನೆಯೊಂದರ ಕಾರ್ಮಿಕರ ತಂಡವದು. ಹಗಲೆಲ್ಲ ಕಾಸಿದ ಕಬ್ಬಿಣ ಸುರಿದು ಸಂಜೆ ಮೈದಾನಕ್ಕೆ ಇಳಿಯುತ್ತಿದ್ದವರನ್ನು ಊರು 'ಭಟ್ಟಿ ಟೀಮ್' ಎಂದು ಕರೆಯುತ್ತಿತ್ತು. ಅದರ ಹಿಂದಿನ ನಾಲ್ವರಿಗೆ ಬೇರೆಯೇ ಹೆಸರು: 'ಗ್ವಾಡಿ'. ಸಾಂಬ್ರಾದ ಸಿದರಾಯ, ಅವರ ಬಾಜು ಹಣಮಪ್ಪ, ಆ ಕಡೆ ಮಾಯಪ್ಪ, ತುದಿಗೆ ಜಾಂಬೋಟಿಯ ಪುಂಡಲೀಕ. ಒಂದು ಇಡೀ ಹಂಗಾಮಿನಲ್ಲಿ ಆ ಗೋಡೆ ದಾಟಿದ್ದು ಎರಡೇ ಗೋಲು.

"ಅದರಾಗ ಒಂದು ಇಂವನ ಹೊಡದದ್ದು, ನಮ್ಮ ಗೋಲಿಗೆ," ಎನ್ನುತ್ತಾರೆ ಸಿದರಾಯ.

"ಖರೇ. ಆದ್ರ ಎಷ್ಟ್ ಛಲೋ ಗೋಲು ಅದು! ಅದನ್ಯಾಕ ಹೇಳೂದಿಲ್ಲ?" ಮಾಯಪ್ಪ ಬೇಸರ ಮಾಡಿಕೊಳ್ಳುವುದಿಲ್ಲ.

ಗೋಡೆ ಅಷ್ಟು ಗಟ್ಟಿಯಾಗಿದ್ದುದರ ಗುಟ್ಟು ಒಂದು ತಪ್ಪು. ಸಿದರಾಯ ಮತ್ತು ಹಣಮಪ್ಪ ಕನ್ನಡದ ಮನೆಯವರು. ಮಾಯಪ್ಪ, ಪುಂಡಲೀಕ ಮನೆಯಲ್ಲೂ ಶಾಲೆಯಲ್ಲೂ ಮರಾಠಿ ಆಡಿದವರು; ಆಗಷ್ಟೇ ಕಾರ್ಖಾನೆಗೆ ಬಂದಿದ್ದರು. ಮೊದಲ ಪಂದ್ಯದಲ್ಲಿ ಎದುರಾಳಿ ಚೆಂಡು ತಂದಾಗ ಸಿದರಾಯ "ಆತ್!" ಎಂದು ಕೂಗಿದರು. ಆಯಿತು, ಇವನ ಕೆಲಸ ಮುಗೀತು, ನುಗ್ಗಿ ಕೆಡವೋಣ ಎಂದು ಅದರ ಅರ್ಥ. ಹಣಮಪ್ಪ ಹಾಗೆಯೇ ತಿಳಿದು ಅವರೊಡನೆ ಮುಂದೆ ನುಗ್ಗಿದರು. ಮರಾಠಿಯಲ್ಲಿ 'ಆತ್' ಎಂದರೆ ಒಳಗೆ. ಉಳಿದಿಬ್ಬರು ಹಿಂದುಮುಂದು ನೋಡದೆ ಗೋಲಿನ ಕಡೆ, ಒಳಕ್ಕೆ ಓಡಿದರು.

"ಅರ್ಧಾ ಗ್ವಾಡಿ ಮುಂದ, ಅರ್ಧಾ ಹಿಂದ," ಸಿದರಾಯ ಕೈಯಲ್ಲಿ ತೋರಿಸುತ್ತಾರೆ. "ನಾವಿಬ್ರೂ ಆಳಿಗೆ ಗುದ್ದೂದು, ಚೆಂಡ ತಪ್ಪಿ ಹಿಂದ ಹೋತಂದ್ರ ಇವರಿಬ್ರು ಅಲ್ಲೇ ನಿಂತಿರ್ತಿದ್ರು. ಬಂದಾವ್ರಿಗೆ ಏನೂ ತಿಳೀಲಿಲ್ಲ. ನಮಗೂ ತಿಳೀಲಿಲ್ಲ ಅನ್ರಿ."

"ಮಂದಿ ಏನಂದ್ರು ಗೊತ್ತೇನ್ರಿ? ಗೋವಾದಿಂದ ಕೋಚ್ ತರಿಸ್ಯಾರ ಅಂತ!" ಮಾಯಪ್ಪನವರ ನಗು ಹಲ್ಲಿನ ಸಂದಿಯಿಂದ ಸೀಟಿಯಾಗಿ ಹೊರಬೀಳುತ್ತದೆ. ಅರ್ಥವಾದ ಮೇಲೂ ನಾಲ್ವರು ಆ ಕೂಗನ್ನು ಬದಲಿಸಲಿಲ್ಲ. ತಪ್ಪನ್ನು ತಿದ್ದಿದ್ದರೆ ಗೋಡೆ ನೆಟ್ಟಗಾಗಿ ಬಿದ್ದೇ ಹೋಗುತ್ತಿತ್ತು.

ಆ ಕಾಲದ ಆಟ ಈಗಿನಂತಿರಲಿಲ್ಲ. ಮೊಣಕಾಲ ಕೆಳಗೆ ಕಟ್ಟಲು ಗಾರ್ಡ್ ಇರಲಿಲ್ಲ. ಸಾಕ್ಸ್ ಒಳಗೆ ರಟ್ಟು ಮಡಚಿ ಇಡುತ್ತಿದ್ದರು. ತೊಗಲಿನ ಚೆಂಡು ನೀರು ಕುಡಿದರೆ ಕಲ್ಲು, ಅದರ ಹೊಲಿಗೆ ಹಣೆಗೆ ತಾಗಿದರೆ ಚಾಕು. ರೆಫ್ರಿ ಚೆಂಡಿನ ಕಡೆ ನೋಡುವಷ್ಟರಲ್ಲಿ ಹಿಂದೆ ಮೊಣಕೈ ಆಡಿರುತ್ತಿತ್ತು. ಗೆದ್ದ ತಂಡ ಪೆಟ್ಟು ತಪ್ಪಿಸಿಕೊಳ್ಳಲು ಹಿಂದಿನ ಗೇಟಿನಿಂದ ಹೋಗುವುದು ವಾಡಿಕೆ. ಮಾಯಪ್ಪನವರ ಹಲ್ಲು ಇದೇ ಮೈದಾನದ ಉತ್ತರದ ಮೂಲೆಯಲ್ಲಿ ಎಲ್ಲೋ ಇವೆ.

"ನಾವೇನು ಸಾಧುಗಳಲ್ಲ," ಎನ್ನುತ್ತಾರೆ ಸಿದರಾಯ. "ತಗೊಂಡಷ್ಟ ಕೊಟ್ಟೀವಿ. ಒಂದೀಟು ಹೆಚ್ಚ ಕೊಟ್ಟೀವಿ. ಆವಾಗ ಅದಕ್ಕ ಮಂದಿ ಚಪ್ಪಾಳಿ ಹೊಡೀತಿದ್ರು. ಈಗ ನೆನಸಿದ್ರ ಚಪ್ಪಾಳಿ ಕೇಳಿಸ್ತಾವು, ಬಿದ್ದಾವ್ರ ಮಾರಿನೂ ಕಾಣ್ತಾವು. ಎರಡೂ ಕೂಡೇ ಬರ್ತಾವು."

ಅವರ ಹೆಂಡತಿ ಗೌರವ್ವ ನೆನೆಯುವುದು ಬೇರೆ ಬಗೆ. ಮೈದಾನದ ಹಿಂದಿನ ಗಲ್ಲಿಯ ಮನೆಯಲ್ಲಿ ಚಹಾ ಸೋಸುತ್ತ ಹೇಳುತ್ತಾರೆ: "ಆಡಿ ಬಂದ್ರಂದ್ರ ಮನಿಗೆ ಮನಷ್ಯಾ ಬಂದಂಗ ಇರತಿದ್ದಿಲ್ರಿ. ಸಂತ್ಯಾಗ ಉಳದ ಜಜ್ಜಿದ ಬದನಿಕಾಯಿ ಬಂದಂಗ ಇರತಿತ್ತು. ಅರಿಷಿಣ ಹಚ್ಚೂದ ನನ್ನ ಸಂಸಾರ ಆಗಿತ್ತು."

ಒಂದು ಫೈನಲ್ ಪಂದ್ಯದಲ್ಲಿ ಎದುರಾಳಿಯ ಮೊಣಕೈ ಸಿದರಾಯ ಅವರ ಬಲಗಣ್ಣಿಗೆ ಬಡಿಯಿತು. ಒಂದು ಬಾವು, ಒಂದು ವಾರ, ಅಷ್ಟೇ ಎಂದುಕೊಂಡರು. ತಂಡ ಚದುರಿತು. ಆಮೇಲೆ ಕಾರ್ಖಾನೆಯೂ ಮುಚ್ಚಿತು. ಹಣಮಪ್ಪ ತೀರಿಕೊಂಡರು; ಪುಂಡಲೀಕ ಗೋವಾ ಕಡೆ ಕೆಲಸಕ್ಕೆ ಹೋದವರು ಮತ್ತೆ ಕಾಣಲಿಲ್ಲ. ಸಿದರಾಯ ಮೈದಾನ ಸಮಿತಿಯವರಲ್ಲಿ ಕೆಲಸ ಕೇಳಿದಾಗ ಹುಲ್ಲು ಕತ್ತರಿಸುವುದು, ಬಲೆ ಕಟ್ಟುವುದು, ಸುಣ್ಣದ ಗೆರೆ ಎಳೆಯುವುದು ಅವರ ಪಾಲಿಗೆ ಬಂತು. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಪಂದ್ಯದ ದಿನ ಹೊರಗೆರೆ, ನಡುಗೆರೆ, ನಡುವಿನ ವೃತ್ತ, ಗೋಲಿನ ಮುಂದಿನ ಚೌಕ ಎಲ್ಲ ಬಿಸಿಲೇರುವ ಮೊದಲೇ ಮುಗಿಯಬೇಕು. ಸಂಜೆಯ ಹೊತ್ತಿಗೆ ಆಟಗಾರರ ಬೂಟಿಗೆ ಹತ್ತಿ ಅರ್ಧ ಗೆರೆ ಊರಲ್ಲೆಲ್ಲ ಹಂಚಿಹೋಗಿರುತ್ತದೆ.

ಕಣ್ಣು ನಿಧಾನಕ್ಕೆ ಹೋಗತೊಡಗಿತು. ಹಳೇ ಪೆಟ್ಟಿನಿಂದ ಬಲಗಣ್ಣಿನಲ್ಲಿ ಒತ್ತಡ ಹೆಚ್ಚಿದೆ, ಎಡಗಣ್ಣಿಗೂ ಕಾಚಬಿಂದು, ಅಂದರೆ ಗ್ಲಾಕೋಮಾ ಬಂದಿದೆ, ಹೋದ ನೋಟ ಮರಳುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರು ಡಾಕ್ಟರು. ಈಗ ಅವರಿಗೆ ಜಗತ್ತು ಕೊಳವೆಯಲ್ಲಿ ಇಣುಕಿದ ಹಾಗೆ, ಅದೂ ಮಬ್ಬು. ಗೆರೆ ನೆಟ್ಟಗೆ ಬರಲೆಂದು ಅಂಚಿಗೆ ಕಟ್ಟಿದ ಹಗ್ಗ ಇಬ್ಬನಿಯ ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಮನೆಯ ಹೊರಗೆ ಯಾರಿಗೂ ಇದನ್ನು ಹೇಳಲಿಲ್ಲ. ಹೇಳಿದರೆ ಗಾಡಿ ಬೇರೆಯವರ ಕೈಗೆ ಹೋಗುತ್ತದೆ. ಗೆರೆಯಿಲ್ಲದ ಶನಿವಾರ ಹೇಗಿರುತ್ತದೆ ಎಂದು ಯೋಚಿಸಲೂ ಅವರಿಗೆ ಆಗಲಿಲ್ಲ.

ಹೋದ ವರ್ಷ ಶಾಲಾ ಹುಡುಗಿಯರ ಪಂದ್ಯವೊಂದರಲ್ಲಿ ಗೋಲಿನ ಮುಂದಿನ ಚೌಕದ ಗೆರೆ ಒಂದು ಕಡೆ ಹೊಟ್ಟೆ ಬಿಟ್ಟಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಲ್ಲಿಯೇ ಎದುರಾಳಿಯನ್ನು ಬೀಳಿಸಿದಳು. ಗೆರೆ ನೆಟ್ಟಗಿದ್ದರೆ ಅದು ಚೌಕದ ಹೊರಗೆ. ಸುಣ್ಣ ಬಿದ್ದಿದ್ದ ಹಾಗೆ ನೋಡಿದರೆ ಒಳಗೆ. ರೆಫ್ರಿ ಪೆನಾಲ್ಟಿ ಕೊಟ್ಟರು, ಹುಡುಗಿಯ ತಂಡ ಸೋತಿತು. "ನಾ ಹೊರಗ ಇದ್ದೆ ಸರ್, ನಾ ಹೊರಗ ಇದ್ದೆ," ಎಂದು ಅವಳು ಅಳುತ್ತಿದ್ದಳು. ನೆಲ ಹಸಿಯಾಗಿತ್ತು, ಗಾಡಿ ಜಾರಿದೆ ಎಂದು ಸಮಿತಿಯವರು ಸುಮ್ಮನಾದರು. ಸಿದರಾಯ ಅವರಿಗೆ ಆ ರಾತ್ರಿ ಊಟ ಸೇರಲಿಲ್ಲ.

"ನಮ್ಮ ಕಾಲದಾಗ ಕಾಲಿಗೆ ಕಾಲು, ಕೈಗೆ ಕೈ. ಹೊಡದಾಂವ ಎದುರಿಗೆ ಇರ್ತಿದ್ದ," ಎನ್ನುತ್ತಾರೆ. "ಈ ಕೂಸಿಗೆ ಹೊಡದಾಂವ ಯಾರು ಅಂತನೂ ಗೊತ್ತಾಗಲಿಲ್ಲ."

ಅವರು ಹೇಳಿಕೊಂಡದ್ದು ಮಾಯಪ್ಪನವರಿಗೆ ಮಾತ್ರ, ಫೋನಿನಲ್ಲಿ. ಮುಂದಿನ ಶುಕ್ರವಾರ ಸಂಜೆಯ ರೈಲಿಗೆ ಮಾಯಪ್ಪ ಚೀಲ ಹಿಡಿದು ಬಂದಿಳಿದರು. ಅಂದಿನಿಂದ ಪ್ರತಿ ಶುಕ್ರವಾರ ಬಂದು ಪಡಸಾಲೆಯಲ್ಲಿ ಮಲಗುತ್ತಾರೆ; ನಸುಕಿಗೆ ಎದ್ದು ಆ ತುದಿಗೆ ನಿಂತು ಕರೆಯುತ್ತಾರೆ. ಗಾಡಿಯನ್ನೇ ಅವರ ಕೈಗೆ ಕೊಡಬಹುದಲ್ಲ ಎಂದರೆ ಗೌರವ್ವ ನಗುತ್ತಾರೆ. "ಒಮ್ಮೆ ಕೊಟ್ಟಿದ್ರು. ಖಾನಾಪುರದಿಂದ ಜಾಂಬೋಟಿಗೆ ರಸ್ತೆ ಹಾಕ್ಯಾರಲ್ರಿ, ಹಂಗ ಡೊಂಕಡೊಂಕ ಎಳದಿದ್ರು ಮಾಯಪ್ಪಣ್ಣ."

"ವೈನೀ, ಅದು ಡಿಸೈನ್ ಇತ್ತು," ಎನ್ನುತ್ತಾರೆ ಮಾಯಪ್ಪ, ಎರಡನೇ ಕಪ್ಪಿಗೆ ಕೈ ಚಾಚುತ್ತ.

ಮಂಜಿನಲ್ಲಿ ಗಾಡಿ ದೂಡುವಾಗ ಸಿದರಾಯ ಅವರಿಗೆ ತಾವು ಒಬ್ಬರೇ ಎನಿಸುವುದಿಲ್ಲವಂತೆ. ಬಾಜುವಿನಲ್ಲಿ ಹಣಮಪ್ಪನ ಉಸಿರು ಕೇಳುತ್ತದೆ. ಆ ಕಡೆ ಪುಂಡಲೀಕ ಕೆಮ್ಮುತ್ತಾನೆ. ಬೀಡಿ ಸೇದಿ ಆಡಬ್ಯಾಡ ಅಂತ ಎಷ್ಟು ಹೇಳಿದರೂ ಕೇಳದವನು. ನಾಲ್ವರೂ ಒಂದೇ ಸಾಲಿನಲ್ಲಿ ನಡೆಯುತ್ತಾರೆ, ಎದುರಿಗೆ ಯಾರೂ ಇರುವುದಿಲ್ಲ, ಯಾರನ್ನೂ ಕೆಡವಬೇಕಿಲ್ಲ. "ಕಣ್ಣ ಛಲೋ ಇದ್ದಾಗ ಇವ್ರು ಯಾರೂ ಕಂಡಿದ್ದಿಲ್ರಿ," ಎನ್ನುತ್ತಾರೆ ಸಣ್ಣ ದನಿಯಲ್ಲಿ.

ಈ ಬರಹಕ್ಕೆ ಒಪ್ಪುವಾಗ ಅವರು ಹಾಕಿದ ಷರತ್ತು ಒಂದೇ: "ಪೇಪರದಾಗ ಬರೂಕಿಂತ ಮೊದಲ ಗೌರೀಶಗ ನಾನ ಹೇಳ್ತೀನಿ. ನಿಮ್ಮಿಂದ ಅಂವಗ ತಿಳೀಬಾರದು." ಗೌರೀಶ ಮೈದಾನ ಸಮಿತಿಯ ಕಾರ್ಯದರ್ಶಿ, ಸಿದರಾಯ ಅವರ ಕಣ್ಣೆದುರೇ ಇಲ್ಲಿ ಆಡಿ ಬೆಳೆದವರು. ಮುಂದಿನ ಶನಿವಾರ ಪರವೂರಿನ ತಂಡಗಳು ಬರುವ ದೊಡ್ಡ ಪಂದ್ಯಾವಳಿ ಶುರುವಾಗುತ್ತದೆ. ಗೆರೆ ನೋಡಲು ಗೌರೀಶ ಇವತ್ತೇ ಬೈಕಿನಲ್ಲಿ ಬಂದಿದ್ದಾರೆ. ಮಂಜು ಕರಗಿದೆ. ಬಿಳಿ ಗೆರೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದ ಹಾಗೆ ಮಲಗಿದೆ.

"ಗೌರೀಶಪ್ಪಾ, ಒಂದ್ ಮಾತು ಹೇಳೂದೈತಿ."

"ಹೇಳ್ರಿ ಕಾಕಾ. ಸುಣ್ಣ ತೀರೈತೇನ್ರಿ?"

"ಸುಣ್ಣ ಐತಿ. ಕಣ್ಣ ತೀರೈತಿ."

ಗೌರೀಶ ನಗಲು ಹೋಗಿ ನಿಲ್ಲಿಸುತ್ತಾರೆ. ಸಿದರಾಯ ಎಲ್ಲವನ್ನೂ ಹೇಳುತ್ತಾರೆ, ಮೊಣಕೈ, ಡಾಕ್ಟರು, ಆ ಹುಡುಗಿ. "ನೆಲ ಹಸಿ ಇದ್ದಿದ್ದಿಲ್ಲಪಾ ಅವತ್ತ," ಎನ್ನುತ್ತಾರೆ. ಗೌರೀಶ ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಗೆರೆಯ ಉದ್ದಕ್ಕೂ ನೋಡುತ್ತಾರೆ.

"ಮತ್ತ ಇದು? ಇಷ್ಟ್ ಸೀದಾ ಅದ."

"ಇದು ಇಬ್ರು ಎಳದದ್ದು."

ಮಾಯಪ್ಪ ದೂರದಲ್ಲಿ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ. ಗೌರೀಶ ಎದ್ದು, ಅಂಗೈಗೆ ಹತ್ತಿದ ಸುಣ್ಣ ಒರೆಸಿಕೊಂಡು, "ನೋಡೂಣ್ರಿ ಕಾಕಾ," ಎಂದಷ್ಟೇ ಹೇಳಿ ಬೈಕು ಹತ್ತುತ್ತಾರೆ.

ಆ ಮಾತಿನ ಮೇಲೆ ಮನೆಯಲ್ಲಿ ಮಧ್ಯಾಹ್ನದವರೆಗೂ ವಾದ ನಡೆಯುತ್ತದೆ. ಕೆಲಸದಿಂದ ಬಿಡಿಸುವ ಮನಸ್ಸಿದ್ದರೆ ಅಲ್ಲೇ ಹೇಳುತ್ತಿದ್ದ, ನೋಡೂಣು ಅಂದರೆ ಹೂಂ ಅಂತಲೇ, ಎನ್ನುವುದು ಮಾಯಪ್ಪನವರ ಮಾತು. "ದೊಡ್ಡಾವ್ರು ನೋಡೂಣು ಅಂದ್ರ ಇಲ್ಲ ಅಂತ ಮಾಯಪ್ಪಣ್ಣ, ನಿಮಗ ಕನ್ನಡಾ ಇನ್ನೂ ಬರಲಿಲ್ಲ," ಎನ್ನುತ್ತಾರೆ ಗೌರವ್ವ. ಸಿದರಾಯ ಯಾರ ಪರವೂ ವಹಿಸುವುದಿಲ್ಲ. ಗೋಡೆಗೆ ಒರಗಿ ಕಣ್ಣಿಗೆ ಹನಿ ಹಾಕಿಸಿಕೊಂಡು, ಮುಚ್ಚಿದ ರೆಪ್ಪೆಯಲ್ಲೇ ಹೇಳುತ್ತಾರೆ: "ಗಾಡಿ ಬಿಡಾಕ ಮನಸಿಲ್ರಿ, ಖರೇನ ಹೇಳ್ತೀನಿ. ಆದ್ರ ಯಾರರ ಎಳೀಲಿ, ಹೊರಗಿದ್ದಾಕಿ ಹೊರಗ ಇರಬೇಕು."

ಇಷ್ಟೇ ಗೊತ್ತಿರುವುದು. ಸಮಿತಿಯ ಸಭೆ ಇನ್ನೂ ಆಗಿಲ್ಲ. ಗೌರೀಶ ಅವರ ಆ ಮಾತಿನ ಅರ್ಥವನ್ನು ಅವರನ್ನೇ ಕೇಳಲಾಯಿತು. ಈಗ ಏನೂ ಹೇಳಲಾಗದು ಎಂದರು, ಅದನ್ನು ಹಾಗೆಯೇ ಬರೆಯಲು ಒಪ್ಪಿದರು. ಆ ಹುಡುಗಿಗೆ ಯಾರಾದರೂ ನಿಜ ತಿಳಿಸಿದರೇ ಎಂಬುದೂ ಗೊತ್ತಾಗಿಲ್ಲ. ಮುಂದಿನ ಶನಿವಾರ ಗಾಡಿಯ ಹಿಡಿಕೆ ಯಾರ ಕೈಯಲ್ಲಿರುತ್ತದೋ ತಿಳಿಯದು. ಮಾಯಪ್ಪ ಮಾತ್ರ ಶುಕ್ರವಾರದ ರೈಲಿಗೆ ಬರುತ್ತಾರಂತೆ.