ಗೌರಿಯನ್ನು ನೋಡಲು ಬಂದವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ನಾಯಿ ಅಂದರೆ ಆಗುವುದಿಲ್ಲ. ಆದರೆ ನಮ್ಮ ವಿಜಯಶ್ರೀ ಅಂದರೆ ಪ್ರಾಣ. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಭಾಲ್ಕಿಯಿಂದ ನಾಸಿಕ್‌ಗೆ ಸೊಸೆಯಾಗಿ ಬಂದವಳು. ಹಗಲೆಲ್ಲ ಬ್ಲೌಸ್ ಹೊಲಿಯುತ್ತಾಳೆ, ಉಳಿದ ಹೊತ್ತು ನಾಯಿಗಳ ಅಂಜಿಕೆ ಬಿಡಿಸುತ್ತಾಳೆ. ಬೀದಿಯಲ್ಲಿ ಪೆಟ್ಟು ತಿಂದ ನಾಯಿಗಳನ್ನು ಎತ್ತಿ ತರುವ ಸಂಸ್ಥೆಯವರು ಅವನ್ನು ಇವಳ ಹತ್ತಿರ ಬಿಡುತ್ತಾರೆ. ಅವು ಮನುಷ್ಯರನ್ನು ನಂಬುವಂತಾದ ಮೇಲೆ ಯಾರಾದರೂ ಸಾಕಲು ಒಯ್ಯುತ್ತಾರೆ. ದಿಂಡೋರಿಯ ದ್ರಾಕ್ಷಿತೋಟದಲ್ಲಿ ಸಿಕ್ಕ ಕುಂಟನೊಬ್ಬ ಈಗ ಘೋಟಿಯಲ್ಲಿ ಸೋಫಾದ ಮೇಲೆ ಕಾಲು ಚಾಚಿ ಮಲಗುತ್ತಾನೆ. ನನಗೇ ಆ ಭಾಗ್ಯ ಇಲ್ಲ!

ಗೌರಿ ಸಿಕ್ಕಿದ್ದು ಸಿನ್ನರ್‌ನ ಕಾರ್ಖಾನೆಯೊಂದರ ಹಿಂದೆ. ಮನೆಗೆ ತಂದೊಡನೆ ಮಂಚದ ಕೆಳಗೆ ಹೊಕ್ಕವಳು ಹೊರಗೆ ಬರಲೊಲ್ಲಳು, ಅನ್ನನೀರು ಮುಟ್ಟಲೊಲ್ಲಳು. ಗಂಡಸರ ಚಪ್ಪಲಿ ಸಪ್ಪಳ ಕೇಳಿದರೆ ಅಲ್ಲೇ ಉಚ್ಚೆ. ವಿಜಯಶ್ರೀ ಬೈಯಲಿಲ್ಲ, ಕರೆಯಲಿಲ್ಲ, ತಿರುಗಿ ಕೂಡ ನೋಡಲಿಲ್ಲ. ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಬ್ಲೌಸಿಗೆ ಹುಕ್ಕು ಹಚ್ಚುತ್ತಾ, ತವರಿನವರ ಜೊತೆ ಫೋನಿನಲ್ಲಿ ಹರಟುತ್ತಿದ್ದಳು.

"ನೋಡಿದ್ರ ಅಂಜ್ತಾವ ಅಕ್ಕಾ. ಅವೇ ನಮ್ಮನ್ನ ನೋಡ್ಲಿ" ಅನ್ನುತ್ತಿದ್ದಳು. ಹಾಗೆ ಬೆನ್ನು ನೋಡಿ ನೋಡಿಯೇ ಗೌರಿ ಒಂದು ದಿನ ಹೊರಬಂದಳು, ಅವಳ ಕೈಯಿಂದ ರೊಟ್ಟಿ ತಿಂದಳು. ಆಮೇಲೆ ನನ್ನ ಕೈಗೂ ಒಗ್ಗಿದಳು.

ಅಷ್ಟರಲ್ಲಿ ಸಂಭಾಜಿನಗರದಿಂದ ಶಿವಕಾಂತ, ವೈಷ್ಣವಿ ಎಂಬ ಗಂಡಹೆಂಡತಿ ಗೌರಿಯನ್ನು ನೋಡಲು ಬರುತ್ತೇವೆಂದರು. ನಮ್ಮ ಬೀದರ್ ಕಡೆಯವರೇ. ಅವರು ಬೇಡವೆಂದರೆ ಅವಳನ್ನು ಸಂಸ್ಥೆಯ ದೊಡ್ಡ ಶೆಡ್ಡಿಗೆ ಒಯ್ಯುವುದೆಂದು ಠರಾವಾಗಿತ್ತು. ಅಲ್ಲಿನ ಬೊಗಳಾಟದ ಗದ್ದಲದಲ್ಲಿ ಅವಳು ಮತ್ತೆ ಅನ್ನನೀರು ಬಿಡುವುದು ಖಂಡಿತ. ವಿಜಯಶ್ರೀಗೆ ಅದೇ ಚಿಂತೆ.

ಹೆಣ್ಣು ನೋಡಲು ಬರುತ್ತಾರೆಂದರೆ ನಮ್ಮ ಮನೆತನದಲ್ಲಿ ಒಂದು ರೀತಿ ಇದೆಯಲ್ಲ! ನಾನು ಸುಮ್ಮನಿರುತ್ತೇನೆಯೇ? ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿದೆ, ಓಣಿಯ ಹೆಂಗಸರನ್ನು ಕರೆದೆ. ಅತಿಥಿಗಳು ಬಂದು ಕೂತರು. ವಿಜಯಶ್ರೀ ಒಳಗೆ ಚಹಾ ಸೋಸುತ್ತಿದ್ದಳು. ನಾನು ಗೌರಿಗೆ ಕೆಂಪು ಪಟ್ಟಿ ಕಟ್ಟಿ, ಹಣೆಗೆ ಕುಂಕುಮವಿಟ್ಟು, ಎತ್ತಿಕೊಂಡು ಹೋಗಿ ಎಲ್ಲರ ನಡುವೆ ನಿಲ್ಲಿಸಿಬಿಟ್ಟೆ.

ಎಲ್ಲರ ಕಣ್ಣೂ ಒಮ್ಮೆಲೇ ಅವಳ ಮೇಲೆ. "ಅಯ್ಯ, ಎಷ್ಟ್ ಛಂದ ಅದಾಳಲ್ರಿ!" ಎಂದು ಶಿವಕಾಂತ ಎದ್ದು ನಿಂತರು. ಆರಡಿ ಆಳು, ದೊಡ್ಡ ಗಂಟಲು. ಮುಗಿಯಿತು! ಗೌರಿ ನನ್ನ ಕೈ ಕೊಸರಿಕೊಂಡು, ಸುಸಲಾ ತಾಟು ಕೆಡವಿ, ತೆರೆದ ಬಾಗಿಲಿನಿಂದ ಓಡಿಯೇಬಿಟ್ಟಳು.

ನಾವೆಲ್ಲ ಕೂಗುತ್ತಾ ಬೆನ್ನಟ್ಟಿದೆವು. ಅವಳು ಓಣಿಯ ತುದಿಯಲ್ಲಿ ನಿಂತಿದ್ದ ಟೆಂಪೋ ಕೆಳಗೆ ನುಗ್ಗಿದಳು. ಅದರಾಚೆ ಹೆದ್ದಾರಿ, ಒಂದರ ಹಿಂದೊಂದು ಲಾರಿ.

"ಯಾರೂ ಓಡಬ್ಯಾಡ್ರಿ! ಕರೀಬ್ಯಾಡ್ರಿ! ಎಲ್ಲಾರೂ ತಿರುಗಿ ಕೂಡ್ರಿ!" ವಿಜಯಶ್ರೀ ಹಾಗೆ ಗದರಿದ್ದನ್ನು ನಾನೆಂದೂ ಕೇಳಿರಲಿಲ್ಲ. ಇಸ್ತ್ರಿ ಪ್ಯಾಂಟಿನ ಶಿವಕಾಂತ, ರೇಷ್ಮೆ ಸೀರೆಯ ವೈಷ್ಣವಿ, ಓಣಿಯ ಹೆಂಗಸರು, ಮೊಣಕಾಲು ನೋವಿನ ನಾನು, ಎಲ್ಲರೂ ಧೂಳಿನಲ್ಲೇ ಕೂತೆವು, ಟೆಂಪೋಗೆ ಬೆನ್ನು ಮಾಡಿ. "ಕಾಯ್ ಝಾಲಾ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತಾ ಬಂದ ಟೆಂಪೋ ಡ್ರೈವರ್ ವಿಜಯಶ್ರೀಯ ಮುಖ ನೋಡಿ ತಾನೂ ಕೂತ.

"ಏನರೆ ಮಾತಾಡ್ರಿ, ಮೆಲ್ಲಗ" ಎಂದಳು. ಶಿವಕಾಂತರೇ ಶುರುಮಾಡಿದರು.

"ನಮ್ಮ ಮನೀಗಿ ಮಾಳಿಗಿ ಅದರೀ. ಬಿಸಲು ಚಲೋ ಬೀಳ್ತದ. ಯಾರೂ ಹೊಡಿಯಂಗಿಲ್ಲ." ಆ ದೊಡ್ಡ ಮನುಷ್ಯ ಅದನ್ನೇ ತಿರುಗಾಮುರುಗಾ ಹೇಳುತ್ತಾ ಕೂತರು. ಹೇಳುತ್ತಾ ಹೇಳುತ್ತಾ ದನಿಯನ್ನು ಪಿಸುಮಾತಿಗೆ ಇಳಿಸಿದರು.

ನಾನು ಓರೆಗಣ್ಣಿನಲ್ಲಿ ನೋಡಿದೆ, ಯಾಕೆ ಸುಳ್ಳು ಹೇಳಲಿ. ಗೌರಿ ಹೊಟ್ಟೆ ನೆಲಕ್ಕೆಳೆಯುತ್ತಾ ಬಂದಳು. ನನ್ನನ್ನು ದಾಟಿದಳು. ವಿಜಯಶ್ರೀಯನ್ನು ಮೂಸಿದಳು, ಅವಳನ್ನೂ ದಾಟಿದಳು. ಶಿವಕಾಂತರ ಬೆನ್ನಿಗೆ ಮೂಗು ತಾಗಿಸಿ, ಅವರಿಗೆ ಆತುಕೊಂಡು ಕೂತೇಬಿಟ್ಟಳು.

"ತಿರುಗ್ಲೇನ್ರಿ?"

"ಬ್ಯಾಡ್ರಿ, ಇನ್ನಾ ಸ್ವಲ್ಪ ತಡೀರಿ" ಎಂದಳು ವಿಜಯಶ್ರೀ. ಅಳುತ್ತಿದ್ದಳು, ನಗುತ್ತಿದ್ದಳು.

"ಕರಕೊಂಡ್ ಹೋಗ್ಲೇನ್ರಿ ಮತ್ತ?"

"ಆಕಿನೇ ಒಪ್ಯಾಳ. ನನ್ನೇನ್ ಕೇಳ್ತೀರಿ?"

ಎಷ್ಟೋ ಹೆಣ್ಣು ನೋಡುವ ಕಾರ್ಯ ಕಂಡಿದ್ದೇನೆ, ನನ್ನದೂ ಸೇರಿ. ಹೆಣ್ಣಿನ ಒಪ್ಪಿಗೆಗೆ ಎಲ್ಲರೂ ಕಾದು ಕೂತದ್ದನ್ನು ಅವತ್ತೇ ಕಂಡೆ. ಖುಷಿಗೆ ಓಣಿ ತುಂಬ ಕೇಕೆ ಹಾಕಬೇಕೆನ್ನಿಸಿತು. ಗೌರಿ ಅಂಜುತ್ತಾಳೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.