ಕಿಟಕಿಯ ಹಿಮದಲ್ಲಿ ನಿದ್ದೆಯ ಗುರುತು

ಬೆಳಿಗ್ಗೆ ಆರೂ ನಲವತ್ತು. ಮೈನಸ್ ಹತ್ತೊಂಬತ್ತು ಡಿಗ್ರಿ. ಇರ್ಮೆಲಿ ಕೆಂಪ್ಪಾಯ್ನೆನ್ ಶಾಲಾ ಬಸ್ಸಿನ ಮುಂದಿನ ಗಾಜು ಕೆರೆದು ಮುಗಿಸಿ ಬಾಗಿಲು ತೆರೆಯುತ್ತಾರೆ. ಎಂಟನೆಯ ತರಗತಿಯ ಓನಾ ನಡುಗುತ್ತ ಹತ್ತುತ್ತಾಳೆ.

“ಏ ಇರ್ಮೆಲಿ, ಹೀಟರ್ ಹಾಕಿದ್ದೀಯೋ ಇಲ್ವೋ? ನಮ್ಮನ್ನೇನು ಫ್ರಿಜ್ಜಲ್ಲಿಡೋ ಮೀನು ಅಂದ್ಕೊಂಡ್ಯಾ?”

“ಬಾಯಿ ಮುಚ್ಕೊಂಡು ಕೂತ್ಕೊ, ಒಳಗಿನ ಶಾಖ ಉಳಿಯುತ್ತೆ.”

ಹತ್ತು ನಿಮಿಷದಲ್ಲಿ ಬಸ್ಸಿಗೆ ಬಸ್ಸೇ ನಿದ್ದೆ.

ಉತ್ತರ ಫಿನ್ಲೆಂಡಿನ ಈ ಕಾಡುದಾರಿಯಲ್ಲಿ ಅರವತ್ತೊಂದರ ಇರ್ಮೆಲಿ ಇಪ್ಪತ್ಮೂರು ವರ್ಷದಿಂದ ಬಸ್ ಓಡಿಸುತ್ತಿದ್ದಾರೆ. ದಿನಕ್ಕೆ ನೂರ ಹದಿನಾರು ಕಿಲೋಮೀಟರ್. ಹದಿಮೂರರಿಂದ ಹದಿನಾರರೊಳಗಿನ ಹದಿನಾಲ್ಕು ಮಕ್ಕಳು. ಅವರನ್ನು ಇಳಿಸಿದ ಮೇಲೆ ಬಟ್ಟೆ ಹಿಡಿದು ಕಿಟಕಿ ಒರೆಸುತ್ತಾರೆ. ಹಳೆಯ ಬಸ್ಸು, ಗಾಜಿನ ಒಳಮೈಗೂ ಹಿಮ ಕಟ್ಟುತ್ತದೆ. ಮಕ್ಕಳು ತಲೆಯಾನಿಸಿ ಮಲಗಿದಲ್ಲಿ ಅಂಗೈಯಗಲ ಕರಗಿರುತ್ತದೆ.

ನವೆಂಬರಿನಲ್ಲಿ ಆರನೆಯ ಸಾಲಿನ ಕಿಟಕಿ ಕರಗುವುದು ನಿಂತಿತು. ಅದು ಹದಿನೈದರ ಸೈಮಿಯ ಜಾಗ. (ಹೆಸರು ಬದಲಿಸಿದ್ದೇನೆ, ಅವಳೂ ತಾಯಿಯೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

“ಎರಡು ವಾರ ಸುಮ್ನಿದ್ದೆ. ಅದೇ ನನ್ನ ತಪ್ಪು,” ಎನ್ನುತ್ತಾರೆ ಇರ್ಮೆಲಿ. ನಮ್ಮ ಫಿನ್ಲೆಂಡಿನಲ್ಲಿ ಬಸ್ಸಲ್ಲಿ ಕೂತವರನ್ನು ಅವರ ಪಾಡಿಗೆ ಬಿಡುವುದೇ ಮರ್ಯಾದೆ. ಕೊನೆಗೊಂದು ದಿನ ಎಲ್ಲರೂ ಇಳಿದ ಮೇಲೆ ಅವಳನ್ನು ತಡೆದು ಕೇಳಿದರು: “ನಿದ್ದೆ ಬರ್ತಾ ಇಲ್ವೇನೇ?”

“ನಿನಗೇನಾಗ್ಬೇಕು? ನಿನ್ನ ಬಸ್ ನೋಡ್ಕೊ.”

“ಬಸ್ ಎಲ್ಲೂ ಹೋಗಲ್ಲ. ಹೇಳು.”

“ಮೂರು ವಾರ ಆಯ್ತು. ಬೆಳಿಗ್ಗೆ ಯಾಕೆ ಏಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಇರ್ಮೆಲಿ ಬಸ್ಸಿನ ಇಂಜಿನ್ ಕೂಡ ಆರಿಸದೆ ಅವಳನ್ನು ಶಾಲೆಯ ದಾದಿಯ ಕೋಣೆಗೆ ಕರೆದೊಯ್ದರು. ಈಗ ಸೈಮಿ ವಾರಕ್ಕೊಮ್ಮೆ ಮನೋವೈದ್ಯರನ್ನು ಕಾಣುತ್ತಾಳೆ.

ಕಿಟಕಿ ನೋಡಿ ಖಿನ್ನತೆ ಅಳೆಯಬಹುದೆಂದು ನಾನು ಬರೆದುಬಿಡುವೆನೇನೋ ಎಂಬ ಭಯಕ್ಕೆ ದಾದಿಯನ್ನು ಎರಡು ಸಲ ಕೇಳಿದೆ. “ಖಂಡಿತ ಆಗಲ್ಲ,” ಎಂದರು ಅವರು. “ಈ ವಯಸ್ಸಲ್ಲಿ ರಾತ್ರಿ ನಿದ್ದೆ ತಡವಾಗಿ ಬರುತ್ತೆ, ಬೆಳಿಗ್ಗೆ ಎಲ್ಲರೂ ತೂಕಡಿಸ್ತಾರೆ. ಆದ್ರೆ ಒಂದು ಮಗು ಬದಲಾಗಿದೆ ಅಂತ ಯಾರಾದ್ರೂ ಗಮನಿಸ್ಬೇಕಲ್ಲ?”

ಇರ್ಮೆಲಿಯ ಆಸೆ ಒಂದೇ. “ಶಾಲೆ ಒಂಬತ್ತೂವರೆಗೆ ಶುರುವಾಗ್ಲಿ. ಮನೇಲೇ ನಿದ್ದೆ ಮುಗಿಸ್ಕೊಂಡು ಬರ್ಲಿ.”

ಎಂಟೂವರೆಗೆ ಬಸ್ಸು ಖಾಲಿ; ಹೊರಗೆ ಈಗಷ್ಟೇ ಬೆಳಕು. ಒಂದೊಂದೇ ಗಾಜು ಒರೆಸುತ್ತ ಬಂದ ಇರ್ಮೆಲಿ ಆರನೆಯ ಸಾಲಿನಲ್ಲಿ ನಿಲ್ಲುತ್ತಾರೆ. ಹಿಮದಲ್ಲಿ ಮೊಟ್ಟೆಯಷ್ಟಗಲ ಕರಗಿದೆ. ಬಟ್ಟೆಯನ್ನು ಜೇಬಿಗೆ ತುರುಕುತ್ತಾರೆ.

“ಹತ್ತು ನಿಮಿಷ ಮಲಗಿದ್ಲು ಅನ್ಸುತ್ತೆ,” ಎನ್ನುತ್ತಾರೆ. “ಇವತ್ತಿಗೆ ಸಾಕು.”